ಓಡುವ ಮೊದಲು ಓಡಿಸಿ ನೋಡಿ

2022ರ ಜುಲೈ ತಿಂಗಳು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ ಮತ್ತು ಓಷಿಯಾನಿಯಾದ 24 ಗಂಟೆ ಓಟದ ಚಾಂಪಿಯನ್‌ಷಿಪ್ ನಡೆಯಿತು. ಭಾರತದ ಅಮರ್ ಸಿಂಗ್ ದೇವಂದಾ ಒಂದು ಹಗಲು, ಒಂದು ರಾತ್ರಿಯಲ್ಲಿ 257 ಕಿಲೋಮೀಟರಿಗೂ ಹೆಚ್ಚು ಓಡಿ ಚಿನ್ನ ಗೆದ್ದರು. ಪುರುಷರ ತಂಡದ ಚಿನ್ನವೂ ನಮ್ಮ ಪಾಲಾಯಿತು. ಆ ದೂರವನ್ನು 400 ಮೀಟರಿನ ಟ್ರ್ಯಾಕಿಗೆ ಲೆಕ್ಕ ಹಾಕಿ ನೋಡಿ: 640ಕ್ಕೂ ಹೆಚ್ಚು ಸುತ್ತು. ಸರಾಸರಿ ಎರಡೂಕಾಲು ನಿಮಿಷಕ್ಕೊಂದು ಸುತ್ತು, ಇಡೀ 24 ಗಂಟೆ.

ಈಗ ಟ್ರ್ಯಾಕಿನಿಂದ ಕಣ್ಣು ತೆಗೆದು ಅದರ ಅಂಚಿನತ್ತ ನೋಡಿ. ಇಂಥ ಓಟಗಳಲ್ಲಿ ಅಲ್ಲೊಂದು ಮೇಜು ಇರುತ್ತದೆ. ಅದರ ಹಿಂದೆ ಒಬ್ಬಿಬ್ಬರು ನಿಂತಿರುತ್ತಾರೆ. ಓಟಗಾರ ಹಾದುಹೋದಾಗಲೆಲ್ಲ ಅವರ ಕಣ್ಣು ಅವನ ಮೇಲಿರಬೇಕು. ಮುಖ ಬಾಡಿದೆಯೇ, ಹೆಜ್ಜೆ ಓಲಾಡುತ್ತಿದೆಯೇ, ಬಾಟಲಿ ಖಾಲಿಯಾಗಿದೆಯೇ? ಎಲ್ಲವನ್ನೂ ಆ ಕೆಲವೇ ಕ್ಷಣಗಳಲ್ಲಿ ಓದಿಕೊಳ್ಳಬೇಕು. ಅವರ ಎದೆಯ ಮೇಲೆ ನಂಬರಿಲ್ಲ, ಕೊರಳಿಗೆ ಪದಕ ಬೀಳುವುದಿಲ್ಲ. ಅವರಿಗೆ ಕ್ರೂ ಎನ್ನುತ್ತಾರೆ.

ಯುವ ಗೆಳೆಯರೇ, ಗೆಳತಿಯರೇ, ನಾನು ನಿಮ್ಮನ್ನು ಮೊದಲು ಕರೆಯುತ್ತಿರುವುದು ಆ ಮೇಜಿನ ಹಿಂದಕ್ಕೆ. ನೂರು ಕಿಲೋಮೀಟರ್ ಓಡಬೇಕೆಂಬ ಆಸೆ ನಿಮ್ಮಲ್ಲಿದ್ದರೆ, ಅದಕ್ಕೂ ಮುಂಚೆ ಒಂದು ರಾತ್ರಿ ಇನ್ನೊಬ್ಬರನ್ನು ಓಡಿಸಿ ನೋಡಿ. ಈ ಆಟದ ಒಳಗುಟ್ಟೆಲ್ಲ ಅಲ್ಲಿಯೇ ತಿಳಿಯುತ್ತದೆ.

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಅದಕ್ಕಿಂತ ದೂರದ್ದೆಲ್ಲ ಅಲ್ಟ್ರಾಮ್ಯಾರಥಾನ್. 50 ಕಿಲೋಮೀಟರ್, 100 ಕಿಲೋಮೀಟರ್, 100 ಮೈಲಿ, ಇಲ್ಲವೇ ಗಡಿಯಾರಕ್ಕೆ ಕಟ್ಟಿದ 12 ಗಂಟೆ, 24 ಗಂಟೆಯ ಓಟ. 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೂರು ಮೈಲಿಯ ಕುದುರೆ ಸವಾರಿ ಪಂದ್ಯಕ್ಕೆ ಗಾರ್ಡಿ ಐನ್ಸ್‌ಲೀ ಎಂಬಾತ ಕುದುರೆಯನ್ನೇ ಬಿಟ್ಟು ಬಂದ. ಸವಾರರ ಜೊತೆ ತಾನೂ ಓಡಿ 24 ಗಂಟೆಯೊಳಗೆ ಮುಗಿಸಿದ. ಅದೇ ದಾರಿಯಲ್ಲಿ ಇಂದು ವೆಸ್ಟರ್ನ್ ಸ್ಟೇಟ್ಸ್ ಓಟ ನಡೆಯುತ್ತದೆ. ನಮ್ಮಲ್ಲಿಯೂ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ, ಇಂಬಳ ಕಚ್ಚುವ ಒದ್ದೆ ದಾರಿಗಳಲ್ಲಿ ಅಲ್ಟ್ರಾ ಓಟಗಾರರು ಏರಿಳಿಯುತ್ತಾರೆ.

ರಾತ್ರಿ ಮೂರು ಗಂಟೆಯ ಕ್ರೂ ಮೇಜಿನ ಮೇಲೆ ಏನೇನಿರುತ್ತದೆ ಗೊತ್ತೆ? ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ತುಂಡು ಮಾಡಿದ ಬಾಳೆಹಣ್ಣು, ಡಬ್ಬಿಯಲ್ಲಿ ಮೊಸರನ್ನ, ಫ್ಲಾಸ್ಕಿನಲ್ಲಿ ಬಿಸಿ ಗಂಜಿ, ಗ್ಯಾಸ್ ಬಿಟ್ಟುಹೋಗಲೆಂದು ಮುಚ್ಚಳ ತೆಗೆದಿಟ್ಟ ಕೋಲಾ, ಓಆರ್‌ಎಸ್ ಪೊಟ್ಟಣ. ಇನ್ನೊಂದು ಬದಿಗೆ ವ್ಯಾಸಲೀನ್, ಟೇಪು, ಗುಳ್ಳೆ ಒಡೆಯಲು ಶುದ್ಧ ಮಾಡಿದ ಸೂಜಿ, ಒಣಗಿದ ಕಾಲುಚೀಲ, ಹೆಡ್‌ಟಾರ್ಚಿನ ಬ್ಯಾಟರಿ, ಮತ್ತು ಅರ್ಧ ಸೈಜು ದೊಡ್ಡದಾದ ಇನ್ನೊಂದು ಜೊತೆ ಶೂ. ಗಂಟೆಗಟ್ಟಲೆ ಓಡಿದ ಪಾದ ಊದಿಕೊಳ್ಳುತ್ತದೆ. ಪಕ್ಕದಲ್ಲೊಂದು ನೋಟ್‌ಬುಕ್. ಎಷ್ಟು ಗಂಟೆಗೆ ಏನು ತಿಂದ, ಎಷ್ಟು ಕುಡಿದ, ಕೊನೆಯ ಸಲ ಮೂತ್ರಕ್ಕೆ ಹೋದದ್ದು ಯಾವಾಗ, ಎಲ್ಲವೂ ಅದರಲ್ಲಿ. ಬೆಳಗಿನ ಜಾವ ಓಟಗಾರನಿಗೆ ಲೆಕ್ಕ ತಪ್ಪಿದಾಗ ಆ ಪುಸ್ತಕವೇ ಆಧಾರ.

ಅಲ್ಲಿ ಮಾತಿಗೂ ಒಂದು ಶಿಸ್ತಿದೆ. ಎಂಬತ್ತು ಕಿಲೋಮೀಟರ್ ಮುಗಿಸಿ ಬಂದವನನ್ನು "ಏನು ಬೇಕು?" ಎಂದು ಕೇಳಬೇಡಿ, ಅವನಿಗೆ ಉತ್ತರ ಹೊಳೆಯುವುದಿಲ್ಲ. "ಗಂಜಿಯೋ, ಆಲೂಗಡ್ಡೆಯೋ?" ಎಂದು ಕೇಳಿ, ಕೈ ತಾನಾಗಿಯೇ ಒಂದರತ್ತ ಚಾಚುತ್ತದೆ. "ತುಂಬಾ ಸುಸ್ತಾಗಿದ್ದೀಯಲ್ಲೋ" ಎಂಬ ಅನುಕಂಪ ಬೇಡ, "ಇನ್ನೇನು ಬಂದೇಬಿಟ್ಟಿತು" ಎಂಬ ಸುಳ್ಳೂ ಬೇಡ. ಕುರ್ಚಿಯನ್ನು ಕಣ್ಣಿಗೆ ಬೀಳದ ಹಾಗೆ ಇಡಿ. ಐದು ನಿಮಿಷಕ್ಕೆಂದು ಕೂತವರು ಏಳದೆ ಹೋದದ್ದುಂಟು. ಆದರೆ ಮಾತು ತೊದಲುತ್ತಿದ್ದರೆ, ತನ್ನ ಊರಿನ ಹೆಸರೇ ಮರೆತಿದ್ದರೆ, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದ್ದರೆ, ನೀವೇ ಅದೇ ಕುರ್ಚಿ ತಂದು ಕೂರಿಸಿ ವೈದ್ಯರನ್ನು ಕರೆಯಬೇಕು. ಅವನು ಬೈಯುತ್ತಾನೆ, ಅಳುತ್ತಾನೆ, ಬೇಡಿಕೊಳ್ಳುತ್ತಾನೆ. ನೀವು ಜಗ್ಗಬಾರದು. ಇಪ್ಪತ್ತರ ವಯಸ್ಸಿನಲ್ಲಿ ಇಂಥ ನಿರ್ಧಾರವನ್ನು ನಿಮ್ಮ ಕೈಗೆ ಒಪ್ಪಿಸುವ ಜಾಗ ಬೇರೆ ಎಲ್ಲಿದೆ?

ಕ್ರೂ ಇಲ್ಲದೆ ಸಾಲಿನಲ್ಲಿ ನಿಲ್ಲಲೂ ಬಿಡದ ಓಟಗಳಿವೆ. ಅಮೆರಿಕದ ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ಅಂಥದ್ದು. ಸಮುದ್ರಮಟ್ಟಕ್ಕಿಂತ 85 ಮೀಟರ್ ಕೆಳಗೆ ಹೊರಟು 217 ಕಿಲೋಮೀಟರ್ ಕ್ರಮಿಸಿ ಬೆಟ್ಟ ಹತ್ತುವ ದಾರಿ, ಅದೂ ಸುಡುವ ಜುಲೈನಲ್ಲಿ. 2005ರಲ್ಲಿ ಅಲ್ಲಿ ಸ್ಕಾಟ್ ಜ್ಯೂರೆಕ್ ವಾಂತಿ ಮಾಡಿಕೊಂಡು ನೆಲ ಹಿಡಿದ. ಅದಾಗಲೇ ವೆಸ್ಟರ್ನ್ ಸ್ಟೇಟ್ಸ್ ಅನ್ನು ಸತತ ಏಳು ವರ್ಷ ಗೆದ್ದಿದ್ದ ಮಹಾ ಓಟಗಾರ ಅವನು. ಕ್ರೂ ಅವನನ್ನು ಐಸು ತುಂಬಿದ ದೊಡ್ಡ ಪೆಟ್ಟಿಗೆಯೊಳಗೆ ಇಳಿಸಿ ಮೈ ತಣಿಸಿತು. ಎದ್ದು ಓಡಿದವನು ಆ ಪಂದ್ಯವನ್ನು ಗೆದ್ದ.

ಮರುವರ್ಷ ಅದೇ ಜ್ಯೂರೆಕ್ ವೆಸ್ಟರ್ನ್ ಸ್ಟೇಟ್ಸ್‌ನಲ್ಲಿ ಬ್ರಯಾನ್ ಮಾರಿಸನ್‌ಗೆ ಜೊತೆಗಾರನಾಗಿ ಓಡಿದ. ಮಾರಿಸನ್ ಎಲ್ಲರಿಗಿಂತ ಮುಂದಿದ್ದ. ಓಟ ಮುಗಿಯುವ ಆಬರ್ನ್ ಊರಿನ ಶಾಲಾ ಮೈದಾನಕ್ಕೆ ಬಂದು, ಗೆರೆಗೆ ಮುನ್ನೂರು ಮೀಟರೂ ಉಳಿದಿಲ್ಲ ಎನ್ನುವಾಗ ಕುಸಿದ. ಜೊತೆಗಿದ್ದವರು ತಡೆಯಲಾರದೆ ಎತ್ತಿ ನಿಲ್ಲಿಸಿದರು, ಹಿಡಿದುಕೊಂಡೇ ಗೆರೆ ದಾಟಿಸಿದರು. ನಿಯಮದ ಪ್ರಕಾರ ಅವನು ಅನರ್ಹನಾದ. ಮಮತೆ ಎಷ್ಟೇ ಇದ್ದರೂ ಓಟ ಅವನದು, ಅದನ್ನು ಅವನ ಕಾಲೇ ಮುಗಿಸಬೇಕು. ಕ್ರೂ ಆಗುವವರು ಮೊದಲು ಓದಬೇಕಾದದ್ದು ಪಂದ್ಯದ ನಿಯಮಗಳನ್ನು: ಎಲ್ಲಿ ಭೇಟಿಯಾಗಬಹುದು, ಏನು ಕೊಡಬಹುದು, ಎಲ್ಲಿ ಮುಟ್ಟಬಾರದು.

ಕ್ರೂ ಕೆಲಸದ ಮುಂದಿನ ಮೆಟ್ಟಿಲು ಪೇಸರ್, ಅಂದರೆ ಜೊತೆ ಓಡುವವನು. ವೆಸ್ಟರ್ನ್ ಸ್ಟೇಟ್ಸ್‌ನಲ್ಲಿ ಓಟಗಾರ ಸುಮಾರು ನೂರು ಕಿಲೋಮೀಟರ್ ಒಬ್ಬನೇ ಬಂದ ಮೇಲೆ ಪೇಸರ್ ಸೇರಿಕೊಳ್ಳಬಹುದು. ಅವನ ಚೀಲ ಹೊರುವಂತಿಲ್ಲ, ಕೈ ಹಿಡಿದು ಎಳೆಯುವಂತಿಲ್ಲ. ಕತ್ತಲಲ್ಲಿ ದಾರಿಯ ಗುರುತು ನೋಡುವುದು, ಅರ್ಧ ಗಂಟೆಗೊಮ್ಮೆ "ಬಾಯಿಗೆ ಏನಾದರೂ ಹಾಕಿಕೋ" ಎಂದು ನೆನಪಿಸುವುದು, ನಿದ್ದೆಗಣ್ಣಿನಲ್ಲಿ ಮರದ ಬೊಡ್ಡೆ ಹುಲಿಯಾಗಿ ಕಂಡಾಗ "ಏನಿಲ್ಲ, ನಡಿ" ಎನ್ನುವುದು, ಇಷ್ಟೇ ಕೆಲಸ. ಗ್ರೀಸಿನ ಸ್ಪಾರ್ಟಥ್ಲಾನ್‌ನಲ್ಲಿ ಅದಕ್ಕೂ ಅವಕಾಶವಿಲ್ಲ. ಅಥೆನ್ಸಿನಿಂದ ಸ್ಪಾರ್ಟಾದವರೆಗಿನ 246 ಕಿಲೋಮೀಟರನ್ನು ಪೇಸರ್ ಇಲ್ಲದೆಯೇ ಮುಗಿಸಬೇಕು.

2015ರ ವೆಸ್ಟರ್ನ್ ಸ್ಟೇಟ್ಸ್‌ನಲ್ಲಿ ನಡೆದದ್ದನ್ನು ಕೇಳಿ. ಓಟಕ್ಕೆ 30 ಗಂಟೆಯ ಗಡುವು. ಎಪ್ಪತ್ತು ವರ್ಷದ ಗುನ್ಹಿಲ್ಡ್ ಸ್ವಾನ್ಸನ್ ಕೊನೆಯ ಊರಿನ ಬೀದಿಗೆ ಬರುವಾಗ ಉಳಿದದ್ದು ಕೆಲವೇ ನಿಮಿಷ. ಆ ವರ್ಷ ಪಂದ್ಯ ಗೆದ್ದ ರಾಬ್ ಕ್ರಾರ್ ಹಿಂದಿನ ದಿನ ಸಂಜೆಯೇ ತನ್ನ ಓಟ ಮುಗಿಸಿದ್ದ. ಅವನು ಹವಾಯಿ ಚಪ್ಪಲಿಯಲ್ಲೇ ಬೀದಿಗಿಳಿದು ಆಕೆಯ ಪಕ್ಕದಲ್ಲಿ ಕೊನೆಯ ಎರಡು ಕಿಲೋಮೀಟರ್ ಓಡಿದ. ಮೈದಾನದ ಜನವೆಲ್ಲ ಎದ್ದು ಕೂಗುತ್ತಿದ್ದಂತೆ ಆಕೆ ಗೆರೆ ದಾಟಿದಾಗ ಗಡಿಯಾರ ತೋರಿಸಿದ್ದು 29 ಗಂಟೆ 59 ನಿಮಿಷ 54 ಸೆಕೆಂಡು. ಗಡುವಿಗೆ ಆರು ಸೆಕೆಂಡು ಬಾಕಿ! ಗೆದ್ದವನೇ ಕೊನೆಯಲ್ಲಿ ಬರುವವರಿಗೆ ಜೊತೆಗಾರನಾಗುವುದು ಈ ಆಟದ ರೀತಿ. ಅಲ್ಲಿ ನಿಮಗೂ ಒಂದು ಜಾಗವಿದೆ.

ಇನ್ನೊಬ್ಬರ ವೇಗ ಕಾಯ್ದವರಿಗೆ ತಮ್ಮ ವೇಗ ಕಾಯುವುದು ಬೇಗ ಒಲಿಯುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪು ಮೊದಲ ಗಂಟೆಯ ಹುರುಪು. ಕಾಲು ಹಗುರ, ಸುತ್ತ ಚಪ್ಪಾಳೆ, ಎಲ್ಲರನ್ನೂ ಹಿಂದೆ ಹಾಕುವ ಆಸೆ. ಆಗ ಗಳಿಸಿದ ಹತ್ತು ನಿಮಿಷ ಮೀಟರ್ ಬಡ್ಡಿಯ ಸಾಲ. ಎಪ್ಪತ್ತನೇ ಕಿಲೋಮೀಟರಿನಲ್ಲಿ ಅದು ಗಂಟೆಗಳನ್ನೇ ವಸೂಲಿ ಮಾಡುತ್ತದೆ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಆಡಲು ಬರುವಷ್ಟು ನಿಧಾನವಾಗಿ ಹೊರಡಿ. ಏರು ಬಂದರೆ ನಾಚದೆ ನಡೆಯಿರಿ, ದೊಡ್ಡ ದೊಡ್ಡ ಓಟಗಾರರೂ ನಡೆಯುತ್ತಾರೆ. ಲೆಕ್ಕ ಹಾಕಿ: ನೂರು ಮೈಲಿಗೆ, ಅಂದರೆ 161 ಕಿಲೋಮೀಟರಿಗೆ, 30 ಗಂಟೆ ಎಂದರೆ ನಿಂತದ್ದೂ ತಿಂದದ್ದೂ ಸೇರಿ ಗಂಟೆಗೆ ಐದೂವರೆ ಕಿಲೋಮೀಟರಿಗಿಂತ ಕಡಿಮೆ, ಒಂದು ಬಿರುಸು ನಡಿಗೆಯ ವೇಗ. ಇಲ್ಲಿ ವೇಗಕ್ಕಿಂತ ನಿಲ್ಲದಿರುವುದು ಮುಖ್ಯ.

ದಕ್ಷಿಣ ಆಫ್ರಿಕಾದಲ್ಲಿ 1921ರಿಂದ ನಡೆಯುತ್ತಿರುವ ಕಾಮ್ರೇಡ್ಸ್ ಓಟದವರಿಗೆ ಇದು ಚೆನ್ನಾಗಿ ಗೊತ್ತು. ಸುಮಾರು 90 ಕಿಲೋಮೀಟರಿನ ಆ ದಾರಿಯಲ್ಲಿ 'ಬಸ್ಸು'ಗಳು ಓಡುತ್ತವೆ. ಬಸ್ಸೆಂದರೆ ಮನುಷ್ಯರದೇ ಗುಂಪು. ಮುಂದಿರುವ 'ಡ್ರೈವರ್' ಯಾವಾಗ ಓಡಬೇಕು, ಯಾವಾಗ ನಡೆಯಬೇಕು ಎಂದು ಹೇಳುತ್ತಾನೆ, ಹಿಂದಿನವರು ಹಾಡುತ್ತ ಸಾಗುತ್ತಾರೆ. ಸರಿಯಾಗಿ 12 ಗಂಟೆಗೆ ಒಬ್ಬ ಅಧಿಕಾರಿ ಓಟಗಾರರಿಗೆ ಬೆನ್ನು ಹಾಕಿ ನಿಂತು ಗುಂಡು ಹಾರಿಸುತ್ತಾರೆ. ಆಮೇಲೆ ಬಂದವರಿಗೆ ಪದಕವಿಲ್ಲ. ಡ್ರೈವರ್ ತನ್ನ ಬಸ್ಸಿನ ಕೊನೆಯವನನ್ನೂ ಆ ಗುಂಡಿಗಿಂತ ಮುಂಚೆ ಮುಟ್ಟಿಸಲು ಹೆಣಗುತ್ತಾನೆ.

ಇನ್ನು ತಯಾರಿಯ ಮಾತು. ವರ್ಷವಿಡೀ ನಿಧಾನವಾಗಿ ದೂರ ಹೆಚ್ಚಿಸಿ; ಮೂರು ವಾರ ಏರಿಸಿದರೆ ಒಂದು ವಾರ ಇಳಿಸಿ. ಶನಿವಾರ ಉದ್ದ ಓಡಿ, ಭಾನುವಾರ ದಣಿದ ಕಾಲಿನಲ್ಲೇ ಇನ್ನೊಮ್ಮೆ ಹೊರಡಿ. ಇಳಿಜಾರನ್ನೂ ಅಭ್ಯಾಸ ಮಾಡಿ, ತೊಡೆಯ ಸ್ನಾಯು ಸೋಲುವುದು ಇಳಿಯುವಾಗಲೇ ಹೆಚ್ಚು. ಹೊಟ್ಟೆಗೂ ತರಬೇತಿ ಬೇಕು: ಪಂದ್ಯದ ದಿನ ತಿನ್ನುವುದನ್ನು ತಿಂಗಳುಗಳ ಮೊದಲೇ ಓಡುತ್ತ ತಿಂದು ನೋಡಿ. ಹೊಸ ಶೂ, ಹೊಸ ಎನರ್ಜಿ ಜೆಲ್, ಹೊಸ ಬನಿಯನ್ ಯಾವುದನ್ನೂ ಅವತ್ತು ಮೊದಲ ಸಲ ಬಳಸಬೇಡಿ. ನೀರು ಬಾಯಾರಿಕೆಗೆ ತಕ್ಕಷ್ಟು. ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಅಪಾಯ. ಓಟಗಾರರಲ್ಲಿ ಇದನ್ನು ಮೊದಲು ಗುರುತಿಸಿದ್ದು 1981ರ ಕಾಮ್ರೇಡ್ಸ್‌ನಲ್ಲಿ ಕುಸಿದ ಓಟಗಾರ್ತಿಯೊಬ್ಬರಲ್ಲಿ. ನೋವಿನ ಮಾತ್ರೆ ನುಂಗಿಕೊಂಡು ಓಡಬೇಡಿ, ಮೂತ್ರಪಿಂಡಕ್ಕೆ ಅದರ ಹೊರೆ ಬೀಳುತ್ತದೆ.

ಮತ್ತು ಚೀಲದಲ್ಲಿ ಜಾಕೆಟ್ ಇರಲಿ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದ ಬೆಟ್ಟಗಳಲ್ಲಿ 100 ಕಿಲೋಮೀಟರ್ ಓಟಕ್ಕೆ 172 ಮಂದಿ ಹೊರಟಿದ್ದರು. ಬಹಳಷ್ಟು ಮಂದಿ ಚಡ್ಡಿ, ತೆಳು ಬನಿಯನ್ನಿನಲ್ಲಿದ್ದರು. ಗಾಳಿ ತಡೆಯುವ ಜಾಕೆಟ್ ಕಡ್ಡಾಯವಿರಲಿಲ್ಲ. ಎತ್ತರದಲ್ಲಿ ಚಳಿಮಳೆ, ಬಿರುಗಾಳಿ ಒಟ್ಟಿಗೆ ಎರಗಿತು. 21 ಜನ ಸತ್ತರು. ಅಲ್ಲಿ ಕುರಿ ಮೇಯಿಸುತ್ತಿದ್ದವನೊಬ್ಬ ತಾನು ಆಶ್ರಯ ಪಡೆದಿದ್ದ ಗುಹೆಗೆ ಆರು ಓಟಗಾರರನ್ನು ಕರೆತಂದು, ಬೆಂಕಿ ಹಾಕಿ ಬದುಕಿಸಿದ. ಅವನು ಯಾರ ಕ್ರೂವೂ ಆಗಿರಲಿಲ್ಲ. ಕಷ್ಟದಲ್ಲಿದ್ದವರನ್ನು ಕಂಡು ಕೈಚಾಚಿದ, ಅಷ್ಟೆ. ಓಟದ ದಾರಿಯಲ್ಲಿ ಯಾರಾದರೂ ಬಿದ್ದಿದ್ದು ಕಂಡರೆ ನಿಮ್ಮ ಸಮಯ ಹಾಳಾದರೂ ನಿಲ್ಲಬೇಕೆಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

"ನಾನು ಕ್ರೀಡಾಪಟು ಅಲ್ಲ" ಅನ್ನುತ್ತೀರಾ? ಕ್ರೂ ಆಗಲು ಬೇಕಾದದ್ದು ಎಚ್ಚರ ಮತ್ತು ತಾಳ್ಮೆ. "ದುಡ್ಡಿಲ್ಲ" ಅನ್ನುತ್ತೀರಾ? ಬಾಟಲಿಗೆ ನೀರು ತುಂಬಿಸಿ ಕೊಡಲು ದುಬಾರಿ ಶೂ ಬೇಕಿಲ್ಲ. "ಹುಡುಗಿಯನ್ನು ರಾತ್ರಿ ಹೊರಗೆ ಬಿಡುವುದಿಲ್ಲ" ಎನ್ನುವ ಮನೆಯೇ? ಕ್ರೀಡಾಂಗಣದ ಓಟದಿಂದ ಶುರು ಮಾಡಿ, ಅಣ್ಣನನ್ನೋ ಅಮ್ಮನನ್ನೋ ಜೊತೆಗೆ ಕರೆತನ್ನಿ. ಮೇಜಿನ ಹಿಂದೆ ಇನ್ನೆರಡು ಕೈ ಸಿಕ್ಕರೆ ಲಾಭವೇ.

ಈ ಭಾನುವಾರ ಬೆಳಿಗ್ಗೆ ಬೇಗ ಏಳಿ. ಕಬ್ಬನ್ ಪಾರ್ಕಿನಲ್ಲೋ, ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲೋ, ನಿಮ್ಮೂರ ಕೆರೆ ಏರಿಯ ಮೇಲೋ ಓಡುವವರ ಗುಂಪು ಸಿಗುತ್ತದೆ. ದೂರದ ಓಟಕ್ಕೆ ತಯಾರಾಗುತ್ತಿರುವವರನ್ನು ಹುಡುಕಿ ಹೇಳಿ: "ಅಣ್ಣಾ, ನಿಮ್ಮ ಮುಂದಿನ ಓಟಕ್ಕೆ ನಾನು ಕ್ರೂ ಆಗಿ ಬರ್ತೀನಿ." "ಅಕ್ಕಾ, ಕೊನೆಯ ಹತ್ತು ಕಿಲೋಮೀಟರು ನಿಮ್ಮ ಜೊತೆ ಓಡ್ತೀನಿ." ಒಂದು ರಾತ್ರಿ ನಿಂತು ನೋಡಿ. ಕಟ್ಟಿದ ಯೋಜನೆ ಎಲ್ಲಿ ಕುಸಿಯುತ್ತದೆ, ಕುಸಿದದ್ದು ಮತ್ತೆ ಹೇಗೆ ಏಳುತ್ತದೆ ಎಂಬುದನ್ನು ಕಣ್ಣಾರೆ ಕಂಡಿರುತ್ತೀರಿ. ಆಮೇಲೆ ನಿಮ್ಮ ಹೆಸರು ಬರೆಸಿ. ಅಂದು ನೀವು ಓಡುವಾಗ, ನೀವು ಓಡಿಸಿದವರೇ ಮೇಜಿನ ಹಿಂದೆ ನಿಂತಿರುತ್ತಾರೆ. ಅವರನ್ನು ನಂಬಿ ನಿಧಾನವಾಗಿ ಹೊರಡಿ, ನಿಲ್ಲಬೇಡಿ.