ಸಾಲದ ಮಿತಿ ನಿಮ್ಮ ದುಡ್ಡಲ್ಲ

ಇವತ್ತು ಕುರ್ಚಿ ಕಿತ್ತಾಟ ಬೇಡ, ನಿಮ್ಮ ಜೇಬಿನ ವಿಚಾರ ಮಾತಾಡೋಣ. ಓವರ್‌ಡ್ರಾಫ್ಟ್. ಅಂಗಡಿ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಇದು 'ಓಡಿ'.

ಓಡಿ ಕೆಟ್ಟದ್ದು ಅಂತ ನಾನು ಹೇಳಲ್ಲ. ಐದು ಲಕ್ಷದ ಮಿತಿಯಲ್ಲಿ ಎರಡು ಲಕ್ಷವನ್ನು ಹತ್ತು ದಿನ ಬಳಸಿದ್ರಿ ಅಂದ್ಕೊಳ್ಳಿ. ವರ್ಷಕ್ಕೆ ಶೇಕಡಾ 12ರ ಲೆಕ್ಕದಲ್ಲಿ ಬಡ್ಡಿ ಸುಮಾರು 657 ರೂಪಾಯಿ ಅಷ್ಟೇ. ಬಳಸಿದ ಹಣಕ್ಕೆ, ಬಳಸಿದ ದಿನಕ್ಕೆ ಮಾತ್ರ ಬಡ್ಡಿ. ಮೀಟರ್ ಬಡ್ಡಿಯವರ ಮನೆ ಬಾಗಿಲು ತಟ್ಟೋದಕ್ಕಿಂತ ಇದು ಸಾವಿರ ಪಾಲು ವಾಸಿ.

ಹಾಗಾದ್ರೆ ಸಮಸ್ಯೆ ಎಲ್ಲಿ? ಇದಕ್ಕೆ ತಿಂಗಳ ಕಂತು ಇಲ್ಲ. ಕಂತಿಲ್ಲದ ಸಾಲ ಸಾಲ ಅಂತ ಅನಿಸೋದೇ ಇಲ್ಲ. ಹಬ್ಬಕ್ಕೆ ಸರಕು ತರೋಕೆ ಪೂರ್ತಿ ಐದು ಲಕ್ಷ ತೆಗೆದ್ರಿ. ತಿಂಗಳ ಕೊನೆಗೆ ಬ್ಯಾಂಕು ಸುಮಾರು ಐದು ಸಾವಿರ ಬಡ್ಡಿ ಹಾಕಿತು. ಈಗ ಖಾತೆಯಲ್ಲಿ ಬಾಕಿ 5,05,000. ಮಿತಿ ದಾಟಿತು! ನೀವು ಒಂದು ರೂಪಾಯಿ ಮುಟ್ಟಿಲ್ಲ, ಆದ್ರೂ ದಾಟಿತು. ಇದೇ ಸ್ಥಿತಿ ಸತತ 90 ದಿನ ಮುಂದುವರಿದರೆ ಆ ಖಾತೆ ಎನ್‌ಪಿಎ, ಅಂದ್ರೆ ವಸೂಲಾಗದ ಸಾಲ.

ಇನ್ನೊಂದು ಗುಂಡಿ ಇದೆ. ಮಿತಿಯೊಳಗೇ ಇದ್ದರೂ, 90 ದಿನ ಆ ಖಾತೆಗೆ ಜಮಾ ಬರದಿದ್ರೆ, ಅಥವಾ ಬಂದ ಜಮಾ ಬಡ್ಡಿಗೂ ಸಾಲದಿದ್ರೆ, ಕಥೆ ಅಲ್ಲಿಗೇ ಮುಟ್ಟುತ್ತೆ. ಇವತ್ತು ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಒಂದು ಬ್ಯಾಂಕಿಗೆ, ಓಡಿ ಇನ್ನೊಂದು ಬ್ಯಾಂಕಿನಲ್ಲಿ. ವ್ಯಾಪಾರ ಜೋರು, ಓಡಿ ಖಾತೆ ಮಾತ್ರ ಒಣಗಿದ ಕೆರೆ!

ಈ ಮಾತು ಗಮನ ಇಟ್ಟು ಕೇಳಿ. ಎನ್‌ಪಿಎ ಅನ್ನೋದು ಖಾತೆಗೆ ಅಂಟೋ ಹಣೆಪಟ್ಟಿ ಅಲ್ಲ, ಸಾಲಗಾರನಿಗೆ ಅಂಟುವಂಥದ್ದು. ಅದೇ ಬ್ಯಾಂಕಿನಲ್ಲಿ ನಿಮ್ಮ ಮನೆ ಸಾಲ ಇದ್ದು, ಕಂತು ಒಂದು ದಿನವೂ ತಪ್ಪದಿದ್ದರೂ, ಅದೂ ಎನ್‌ಪಿಎ ಸಾಲಿಗೆ ಸೇರುತ್ತೆ. ಹೊರಬರಬೇಕಾದ್ರೆ ಎಲ್ಲ ಸಾಲಗಳ ಬಾಕಿಯನ್ನೂ ಪೂರ್ತಿ ತೀರಿಸಬೇಕು.

ಇದೆಲ್ಲ ಸಿಬಿಲ್‌ನಂಥ ಸಂಸ್ಥೆಗಳ ಕಡತಕ್ಕೆ ಹೋಗುತ್ತೆ. 300ರಿಂದ 900ರವರೆಗಿನ ಒಂದು ಅಂಕಿ ನಿಮ್ಮ ಯೋಗ್ಯತೆ ನಿರ್ಧರಿಸುತ್ತೆ. ನಾಳೆ ಮಗಳ ಎಂಜಿನಿಯರಿಂಗ್ ಸೀಟಿಗೆ ಶಿಕ್ಷಣ ಸಾಲ ಕೇಳೋಕೆ ಹೋದಾಗ, ಮ್ಯಾನೇಜರ್ ನೋಡೋದು ಅವಳ ಅಂಕಪಟ್ಟಿ ಮಾತ್ರ ಅಲ್ಲ, ಸಹಸಾಲಗಾರನಾದ ಅಪ್ಪನ ಸಿಬಿಲ್ ಕೂಡ. ಅಪ್ಪ ಮರೆತ ಬಡ್ಡಿಗೆ ಮಗಳು ದಂಡ ಕಟ್ಟಬೇಕಾ?

ಏನು ಮಾಡ್ಬೇಕು? ಮಿತಿಯ ಅಂಚಿಗೆ ಹೋಗ್ಬೇಡಿ, ಬಡ್ಡಿಗೆ ಜಾಗ ಬಿಡಿ. ದಿನದ ವ್ಯಾಪಾರದ ಒಂದು ಪಾಲು ಓಡಿ ಖಾತೆಗೇ ಬೀಳಲಿ. ನವೀಕರಣದ ದಿನಾಂಕ ಕ್ಯಾಲೆಂಡರ್ ಮೇಲೆ ಬರೆದಿಡಿ. ಗಡುವು ಮೀರಿ 180 ದಿನವಾದರೂ ನವೀಕರಣ ಆಗದಿದ್ರೆ ಅದೂ ಎನ್‌ಪಿಎ. ಕಷ್ಟ ಬಂದಾಗ 'ಸೆಟಲ್‌ಮೆಂಟ್' ಅಂತ ಯಾರಾದ್ರೂ ಹೇಳಿದ್ರೆ ಎರಡು ಸಲ ಯೋಚಿಸಿ. ಪೂರ್ತಿ ಕಟ್ಟಲಿಲ್ಲ ಅನ್ನೋ ಗುರುತು ವರದಿಯಲ್ಲಿ ಉಳಿಯುತ್ತೆ. ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತ, ತೆಗೆದು ನೋಡಿ. ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಇತ್ಯರ್ಥ ಆಗದಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮ್ಮ ಹಕ್ಕು. ರಿಸರ್ವ್ ಬ್ಯಾಂಕ್ ಹಾಗಂತ ನಿಯಮ ಮಾಡಿದೆ.

ಬ್ಯಾಂಕಿನವರಿಗೂ ಒಂದು ಮಾತು. ಸಾಲ ಕೊಡುವಾಗ ಅಚ್ಚ ಕನ್ನಡದಲ್ಲಿ ನಗುನಗುತ್ತಾ ಮಾತಾಡ್ತೀರಿ. ಮಿತಿ ದಾಟಿದಾಗ ಮಾತ್ರ ಅರ್ಥವಾಗದ ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್ ಯಾಕೆ ಸ್ವಾಮಿ? 90ನೇ ದಿನ ನೋಟಿಸ್ ಕಳಿಸೋ ಮೊದಲು 30ನೇ ದಿನ ಒಂದು ಫೋನ್ ಮಾಡಿ, ಕನ್ನಡದಲ್ಲಿ. ಆ ಕರೆಯಿಂದ ಉಳಿಯೋದು ನಿಮ್ಮ ದುಡ್ಡು ಕೂಡ.