ತಂಪುಪೆಟ್ಟಿಗೆಯ ಪುಟ್ಟ ಮೋಟಾರು



ಬೆಂಗಳೂರಿನಿಂದ ಮೈಸೂರಿಗೆ ಪ್ರಯಾಣಮಾಡುವವರು ರಾಮನಗರದ ಬಂಡೆಗಳನ್ನೂ ಚನ್ನಪಟ್ಟಣದ ಬೊಂಬೆಗಳನ್ನೂ ನೋಡಿಯೇ ಇರುವರು. ಕನಕಪುರ, ಮಾಗಡಿಗಳು ಆ ಹೆದ್ದಾರಿಗೆ ತುಸು ದೂರವಾದರೂ ನೆರೆಯ ಸೀಮೆಗಳೇ ಆಗಿವೆ. ೨೦೦೭ರಲ್ಲಿ ಒಂದು ಜಿಲ್ಲೆಯಾಗಿ ಕೂಡಿದ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾರ ಕಣ್ಣಿಗೂ ಬೀಳದೆ ದುಡಿಯುವ ಒಂದು ವಸ್ತುವನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಅರಿಕೆಮಾಡಬಯಸುವೆವು. ಅದು ತಂಪುಪೆಟ್ಟಿಗೆಯ ತಳದಲ್ಲಿ, ಕಪ್ಪು ಕಬ್ಬಿಣದ ಗಡಿಗೆಯೊಳಗೆ ಅಡಗಿರುವ ಪುಟ್ಟ ವಿದ್ಯುನ್ಮೋಟಾರು. ಓಡುತ್ತಿರುವಾಗ ಅದಕ್ಕೆ ಅಷ್ಟೇನೂ ಶ್ರಮವಿಲ್ಲ. ಹೊರಡುವ ಆ ಒಂದು ಕ್ಷಣದಲ್ಲಿಯೇ ಅದರ ಕಷ್ಟವೆಲ್ಲವೂ ಇರುವುದು.

ಮೊದಲು ಒಂದು ಸಂದೇಹವನ್ನು ಕಳೆಯೋಣ. ಈ ಯಂತ್ರವು ಶೈತ್ಯವನ್ನು ಉತ್ಪತ್ತಿಮಾಡುವುದಿಲ್ಲ. ಒಳಗಿರುವ ಶಾಖವನ್ನು ಹೊತ್ತು ಹೊರಗೆ ಹಾಕುವುದು. ಕೊಳವೆಯೊಳಗಿನ ದ್ರವವು ಆವಿಯಾಗುವಾಗ ಪೆಟ್ಟಿಗೆಯ ಶಾಖವನ್ನು ಹೀರಿಕೊಳ್ಳುವುದು. ಆ ಆವಿಯನ್ನು ಮೋಟಾರು ಒತ್ತಿ ಹಿಂಬದಿಯ ಕೊಳವೆಗಳಿಗೆ ತಳ್ಳಲು, ಅಲ್ಲಿ ಶಾಖವನ್ನು ಬಿಟ್ಟು ಅದು ಮತ್ತೆ ದ್ರವವಾಗುವುದು. ಪೆಟ್ಟಿಗೆಯ ಹಿಂಬದಿ ಏಕೆ ಬೆಚ್ಚಗಿರುವುದೆಂದು ಕೇಳುವ ಗೃಹಿಣಿಯರಿಗೆ ಇದೇ ಉತ್ತರ. ಇಷ್ಟು ಕೆಲಸಕ್ಕೆ ಮನೆಯ ಪೆಟ್ಟಿಗೆಯಲ್ಲಿ ಅಶ್ವಶಕ್ತಿಯ ಆರನೆಯ ಅಥವಾ ಎಂಟನೆಯ ಒಂದು ಪಾಲು ಸಾಕಾಗುವುದು.

ಮೋಟಾರಿನ ನಡುವೆ ತಿರುಗುವ ಭಾಗಕ್ಕೆ ಹೊರಗಿನಿಂದ ಯಾವ ತಂತಿಯೂ ಹೋಗುವುದಿಲ್ಲ. ಸುತ್ತಲಿನ ತಂತಿಯ ಸುತ್ತುಗಳಲ್ಲಿ ವಿದ್ಯುತ್ತು ಹರಿದಾಗ ಹುಟ್ಟುವ ಅಯಸ್ಕಾಂತಶಕ್ತಿಯೇ ಅದನ್ನು ಎಳೆದು ತಿರುಗಿಸುವುದು. ಆದರೆ ನಮ್ಮ ಮನೆಗಳಿಗೆ ಬರುವುದು ಒಂದೇ ಫೇಸಿನ ವಿದ್ಯುತ್ತು. ಅದರ ಸೆಳೆತ ಒಂದೇ ಗೆರೆಯಲ್ಲಿ ಹಿಂದಕ್ಕೂ ಮುಂದಕ್ಕೂ ಆಡುವುದೇ ಹೊರತು ಸುತ್ತು ಬರುವುದಿಲ್ಲ. ರಾಗಿ ಬೀಸುವ ಕಲ್ಲಿನ ಗೂಟವನ್ನು ಹಿಡಿದು ನೇರವಾಗಿ ನೂಕಿ ನೇರವಾಗಿ ಎಳೆದರೆ ಕಲ್ಲು ಅಲುಗಾಡುವುದು, ತಿರುಗದು. ಮಗ್ಗುಲಿನಿಂದ ಇನ್ನೊಂದು ಕೈ ತುಸು ತಡೆದು ನೂಕಿದರೆ ಸುತ್ತಲಾರಂಭಿಸುವುದು. ಒಮ್ಮೆ ಸುತ್ತಿದ ಮೇಲೆ ಒಂದು ಕೈಯೇ ಸಾಕು. ಆ ಎರಡನೆಯ ಕೈಯಂತೆ ಈ ಮೋಟಾರಿನಲ್ಲಿ ತೆಳು ತಂತಿಯ ಇನ್ನೊಂದು ಸುತ್ತು ಉಂಟು. ಮೋಟಾರು ಹೊರಟೊಡನೆಯೇ ಒಂದು ಪುಟ್ಟ ರಿಲೇ ಅದನ್ನು ಬೇರ್ಪಡಿಸುವುದು. ಬಳಿಕ ಮೋಟಾರು ನಿಮಿಷಕ್ಕೆ ಸುಮಾರು ೨೯೦೦ ಸುತ್ತು ತಿರುಗುವುದು.

ಇಲ್ಲಿ ಚನ್ನಪಟ್ಟಣದ ಬೊಂಬೆಯ ಕೆಲಸಗಾರನ ಮೋಟಾರನ್ನು ಹೋಲಿಸಿ ನೋಡಬೇಕು. ಅವನು ಗುಂಡಿ ಒತ್ತಿದಾಗ ಹಾಲೆ ಮರದ ತುಂಡು ಬರಿದೇ ತಿರುಗುವುದು. ಪೂರ್ಣ ವೇಗ ಬಂದ ಮೇಲೆಯೇ ಉಳಿಯನ್ನು ತಾಗಿಸುವನು. ಆಮೇಲೆ ಅರಗಿನ ಬಣ್ಣ. ಆ ಮೋಟಾರಿಗೆ ಹೊರಡುವಾಗ ಹೊರೆಯಿಲ್ಲ. ತಂಪುಪೆಟ್ಟಿಗೆಯ ಮೋಟಾರಿಗೆ ಈ ಸೌಕರ್ಯವಿಲ್ಲ. ಅದು ನಿಂತ ಕೂಡಲೆ ಒಂದು ಕಡೆ ಒತ್ತಡ ಹೆಚ್ಚಾಗಿಯೂ ಇನ್ನೊಂದು ಕಡೆ ಕಡಿಮೆಯಾಗಿಯೂ ಉಳಿದಿರುವುದು. ಬಹು ಸಣ್ಣ ತಾಮ್ರದ ನಳಿಗೆಯ ಮೂಲಕ ಆ ಒತ್ತಡಗಳು ಸಮನಾಗಲು ಮೂರರಿಂದ ಐದು ನಿಮಿಷ ಹಿಡಿಯುವುದು. ಅಷ್ಟರೊಳಗೆ ವಿದ್ಯುತ್ತು ಹೋಗಿ ಬಂದರೆ ಮೋಟಾರು ಗುಂಯ್‌ಗುಟ್ಟುತ್ತ ನಿಲ್ಲುವುದು. ಆಗ ಅದು ಓಡುವಾಗಿನದಕ್ಕಿಂತ ಹಲವು ಪಾಲು ವಿದ್ಯುತ್ತನ್ನು ಎಳೆಯುವುದು. ಅದೆಲ್ಲವೂ ಶಾಖವಾಗಿ ಸುತ್ತಿನಲ್ಲಿಯೇ ಉಳಿಯುವುದು. ಓಡುವ ಮೋಟಾರನ್ನು ಹಿಂದಿರುಗುವ ತಂಪಾದ ಆವಿಯು ತಣಿಸುವುದುಂಟು; ನಿಂತ ಮೋಟಾರಿಗೆ ಆ ಆವಿಯೂ ಬರುವುದಿಲ್ಲ. ಆಗ ಗಡಿಗೆಯ ಪಕ್ಕದಲ್ಲಿರುವ ಎರಡು ಲೋಹಗಳ ಪುಟ್ಟ ಬಿಲ್ಲೆ ಕಾದು, ಬಾಗಿ, ಟಕ್ಕೆಂದು ವಿದ್ಯುತ್ತನ್ನು ಕಡಿಯುವುದು. ತಮ್ಮ ಅಡಿಗೆಮನೆಯಲ್ಲಿ ಈ ಸದ್ದು ಮೇಲಿಂದ ಮೇಲೆ ಕೇಳಿದರೆ ಅದನ್ನು ಅಲಕ್ಷ್ಯಮಾಡಬಾರದು.

ವೋಲ್ಟೇಜು ಇಳಿದಾಗಿನ ಸಂಕಟ ಇನ್ನೂ ದೊಡ್ಡದು. ತಿರುಗಿಸುವ ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದು. ಇರಬೇಕಾದ ೨೩೦ ವೋಲ್ಟು ೧೬೦ಕ್ಕೆ ಇಳಿದರೆ ಬಲವು ಮೂರನೆಯ ಒಂದು ಪಾಲು ಕುಗ್ಗುವುದೆಂದು ಎಣಿಸುವೆವು. ನಿಜವಾಗಿ ಅದು ಅರ್ಧಕ್ಕೂ ಕಡಿಮೆಯಾಗುವುದು. ಬೇಸಿಗೆಯಲ್ಲಿ ತೋಟದ ಪಂಪುಸೆಟ್ಟುಗಳೆಲ್ಲ ಒಟ್ಟಿಗೆ ಎಳೆಯುವ ಹಳ್ಳಿಯ ಲೈನಿನ ತುದಿಯಲ್ಲಿ ದೀಪ ಮಂಕಾದುದನ್ನು ಜನ ಸಹಿಸಬಲ್ಲರು, ಮೋಟಾರು ಸಹಿಸಲಾರದು. ಸ್ಟೆಬಿಲೈಸರನ್ನು ಕೊಳ್ಳುವವರು, ವಿದ್ಯುತ್ತು ಮರಳಿದ ಮೇಲೆ ಕೆಲವು ನಿಮಿಷ ತಡೆದು ಬಿಡುವ ಏರ್ಪಾಡು ಅದರಲ್ಲಿದೆಯೇ ಎಂದು ವಿಚಾರಿಸುವುದು ಲೇಸು. ಈಚಿನ ಇನ್ವರ್ಟರ್ ಬಗೆಯ ಪೆಟ್ಟಿಗೆಗಳಲ್ಲಿ ಮೋಟಾರನ್ನು ಮೆಲ್ಲಮೆಲ್ಲನೆ ಹೊರಡಿಸುವುದರಿಂದ ಈ ತೊಡಕು ಬಹುಮಟ್ಟಿಗೆ ತಗ್ಗಿದೆ.

ಮನೆಯ ಪೆಟ್ಟಿಗೆ ನಿಂತರೆ ಒಂದು ಪಾತ್ರೆಯ ಹುಳಿ ಕೆಡಬಹುದು. ಕನಕಪುರದ ಕಡೆಯ ಹಳ್ಳಿಯಲ್ಲಿ ಸಾಯಂಕಾಲದ ಹಾಲು ಬಂದಿರುವಾಗ ಶೈತ್ಯಯಂತ್ರವು ನಿಂತರೆ ಊರಿನ ಆ ಹೊತ್ತಿನ ದುಡಿಮೆಯೇ ಅಪಾಯಕ್ಕೆ ಸಿಕ್ಕುವುದು. ಕರೆದ ಹಾಲು ಹಸುವಿನ ಮೈಯಷ್ಟೇ ಬೆಚ್ಚಗಿರುವುದು. ಅದನ್ನು ಮೂರು ಘಂಟೆಯೊಳಗಾಗಿ ೪ ಡಿಗ್ರಿ ಸೆಂಟಿಗ್ರೇಡಿಗೆ ಇಳಿಸಬೇಕು. ಸಾವಿರಾರು ಲೀಟರು ಹಿಡಿಯುವ ದೊಡ್ಡ ತೊಟ್ಟಿಗಳಿಗೆ ಸಾಮಾನ್ಯವಾಗಿ ಮೂರು ಫೇಸಿನ ಮೋಟಾರುಗಳುಂಟು. ಇವುಗಳಿಗೆ ಹೊರಡಲು ಎರಡನೆಯ ಕೈ ಬೇಡ. ಮೂರು ಫೇಸುಗಳೂ ಕೂಡಿ ತಾವೇ ಸುತ್ತುವ ಸೆಳೆತವನ್ನು ಉಂಟುಮಾಡುವುವು. ಆದರೆ ಒಂದು ಫೇಸು ಕಡಿದುಹೋದರೆ, ಓಡುತ್ತಿರುವ ಮೋಟಾರು ಉಳಿದ ಎರಡರಲ್ಲಿಯೇ ಏದುತ್ತ ಓಡಿ ಸುಟ್ಟುಹೋಗಬಹುದು. ಇದನ್ನು ತಡೆಯುವ ಉಪಕರಣವನ್ನು ಅಳವಡಿಸುವುದೂ ಡೀಸೆಲ್ ಜನರೇಟರನ್ನು ಸಿದ್ಧವಾಗಿಡುವುದೂ ಆಡಂಬರವಲ್ಲ.

ರೇಷ್ಮೆಗೂ ಶೈತ್ಯಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ರಾಮನಗರದ ಮಾರುಕಟ್ಟೆಗೆ ಬಂದ ಗೂಡಿಗೆ ಬೇಕಾದುದು ಬಿಸಿಯೇ ಅಹುದು. ಆದರೆ ಮೊಟ್ಟೆಯ ಕಥೆ ಬೇರೆ. ಮಾಗಡಿಯ ಸೀಮೆ ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾದುದು. ಆ ತಳಿಯ ಹೆಣ್ಣು ಚಿಟ್ಟೆಯನ್ನು ದ್ವಿತಳಿಯ ಗಂಡಿನೊಡನೆ ಕೂಡಿಸಿ ಮಿಶ್ರತಳಿಯ ಮೊಟ್ಟೆ ಪಡೆಯುವರು. ದ್ವಿತಳಿಯ ಮೊಟ್ಟೆಗಳು ನಿದ್ರಾವಸ್ಥೆಗೆ ಹೋಗತಕ್ಕವು. ಅವುಗಳನ್ನು ಸುಮಾರು ೫ ಡಿಗ್ರಿಯಲ್ಲಿಯೂ ಅನಂತರ ೨.೫ ಡಿಗ್ರಿಯಲ್ಲಿಯೂ ತಿಂಗಳುಗಟ್ಟಲೆ ಇರಿಸಿದ ಮೇಲೆಯೇ ಸರಿಯಾಗಿ ಒಡೆಯುವುವು. ಬಿತ್ತನೆ ಕೋಠಿಗಳಲ್ಲಿ ಒಮ್ಮೆ ಕೂಡಿದ ಗಂಡು ಚಿಟ್ಟೆಗಳನ್ನು ಮರುಬಳಕೆಗಾಗಿ ತಂಪಿನಲ್ಲಿಡುವ ಪದ್ಧತಿಯೂ ಉಂಟು. ಶೈತ್ಯದ ಕೋಣೆಯಲ್ಲಿ ಮೋಟಾರು ಕೈಕೊಟ್ಟು ಶಾಖವೇರಿದರೆ, ಹಾಲು ಒಡೆದಂತೆ ಕೂಡಲೆ ಗೊತ್ತಾಗುವುದಿಲ್ಲ. ಹಲವು ವಾರಗಳ ಬಳಿಕ ರೈತನ ಮನೆಯಲ್ಲಿ ಒಂದೇ ದಿನ ಒಡೆಯಬೇಕಾದ ಮೊಟ್ಟೆಗಳು ಇಂದು ಕೆಲವು, ನಾಳೆ ಕೆಲವು ಒಡೆಯುವುವು. ಹುಳುಗಳು ಹಿರಿದು ಕಿರಿದಾಗಿ, ಒಂದೇ ತಟ್ಟೆಯಲ್ಲಿ ಕೆಲವು ಜ್ವರಕ್ಕೆ ಕುಳಿತಿರುವಾಗ ಇನ್ನು ಕೆಲವು ಸೊಪ್ಪು ಬೇಡುವುವು. ಆದುದರಿಂದಲೇ ಅಂತಹ ಕೋಣೆಗಳಲ್ಲಿ ಹಗಲಿರುಳೂ ಉಷ್ಣಮಾಪಕವನ್ನು ನೋಡಿ ಬರೆದಿಡುವರು. ಒಂದು ಯಂತ್ರ ನಿಂತರೆ ಹೂಡಲೆಂದು ಇನ್ನೊಂದನ್ನು ಪಕ್ಕದಲ್ಲಿಯೇ ಇರಿಸಿಕೊಳ್ಳುವರು.