ದಾರಿ ಬದಲಿಸಿದ ಗೆಳೆಯರು

ಕೆನಡಾದ ಎಡ್ಮಂಟನ್‌ನಲ್ಲಿ 1995ರಲ್ಲಿ ಮೂವರು ವೈದ್ಯರು ಸೇರಿ ಬಯೋವೇರ್ ಎಂಬ ವಿಡಿಯೋ ಗೇಮ್ ಸಂಸ್ಥೆ ಕಟ್ಟಿದರು. 1998ರ ಬಾಲ್ಡರ್ಸ್ ಗೇಟ್, 2007ರ ಮಾಸ್ ಎಫೆಕ್ಟ್ ಅವರವೇ. ಅಲ್ಲಿ ಕಾದಾಡಿದರಷ್ಟೇ ಸಾಲದು. ಜೊತೆಗಾರರ ಕಷ್ಟಸುಖ ಕೇಳಬೇಕು, ಇಬ್ಬರಲ್ಲಿ ಯಾರನ್ನು ಉಳಿಸುವುದೆಂದು ಆಡುವವರೇ ತೀರ್ಮಾನಿಸಬೇಕು. ಮಾಸ್ ಎಫೆಕ್ಟ್‌ನ ಮೊದಲ ಭಾಗದಲ್ಲಿ ಹಾಗೆ ಕಳೆದುಕೊಂಡ ಜೀವ ಮುಂದಿನ ಭಾಗದಲ್ಲಿ ಮರಳಿ ಬರುವುದಿಲ್ಲ. ಆ ಭಾರಕ್ಕೆ ನಿದ್ದೆಗೆಟ್ಟವರಿದ್ದಾರೆ.

2019ರಲ್ಲಿ ಅದೇ ಸಂಸ್ಥೆ ಆಂಥಮ್ ತಂದಿತು. ಕತೆ ಹಿಂದೆ ಸರಿಯಿತು. ಸದಾ ಇಂಟರ್‌ನೆಟ್ ಬೇಕಿತ್ತು, ಹೊಸ ಹೊಸ ಆಯುಧ ಕೂಡಿಹಾಕುತ್ತಲೇ ಇರಬೇಕಿತ್ತು. ಹಾರಾಟವೇನೋ ಸೊಗಸಾಗಿತ್ತು, ಆ ಮಾತು ಹೇಳಲೇಬೇಕು. ಹಳೆಯ ಅಭಿಮಾನಿಗಳು ಹುಡುಕಿದ್ದು ಮಾತ್ರ ಮಾತಿಗೆ ಸಿಗುವ ಗೆಳೆಯರನ್ನು. 2021ರಲ್ಲಿ ಆಟವನ್ನು ಹೊಸದಾಗಿ ಕಟ್ಟುವ ಪ್ರಯತ್ನವನ್ನೂ ಕೈಬಿಟ್ಟರು.

ಆ ಅಭಿಮಾನಿಗಳು ನೊಂದುಕೊಂಡರು. ಒಂದು ಆಟಕ್ಕೆ ಇಷ್ಟು ಸಂಕಟವೇ ಎಂದು ಹಿರಿಯರು ಕೇಳಬಹುದು. ನೂರು ಗಂಟೆ ಒಂದು ಲೋಕದಲ್ಲಿ ಓಡಾಡಿದವರಿಗೆ ಅಲ್ಲಿನ ಓಣಿಗಳು ಗೊತ್ತು, ಅಲ್ಲಿನವರ ದನಿ ಗೊತ್ತು. ಅದು ನಿಜವಾದ ನಂಟು. ನಿಮ್ಮ ಮನೆಯಲ್ಲೂ ಯಾರಾದರೂ ಹಾಗೆ ಮುಖ ಬಾಡಿಸಿಕೊಂಡು ಕೂತಿದ್ದರೆ, ಇವತ್ತು ಪಕ್ಕದಲ್ಲಿ ಕೂತು ಕೇಳಿ: ಆ ಹಳೆಯ ಆಟದಲ್ಲಿ ನೀನು ಯಾರನ್ನು ಉಳಿಸಿದೆ ಮಗಾ?